ನೆಗಡಿ ಮಾತ್ರೆಗೂ ಒಂದು ಹೆಸರಿದೆ

(ಸಂಘದ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ಫೋನ್ ಮಾಡಿ, "ಔಷಧಿ ಬಗ್ಗೆ ಏನಾದರೂ ಹೇಳಿ ಭಾಯ್, ಮಕ್ಕಳಿಗೆ ಉಪಯೋಗ ಆಗಬೇಕು" ಎಂದರು. ದೊಡ್ಡ ಕಾಯಿಲೆಗಳ ವಿಚಾರ ಹೇಳಲು ಡಾಕ್ಟರುಗಳಿದ್ದಾರೆ. ನಾನು ಡಿ.ಫಾರ್ಮ ಓದಿ, ಮೊದಲು ನಂಜನಗೂಡಿನಲ್ಲಿ, ಆಮೇಲೆ ನರಸೀಪುರದಲ್ಲಿ ಮೆಡಿಕಲ್ ಸ್ಟೋರಿನ ಕೌಂಟರಿನ ಹಿಂದೆ ನಿಂತವನು. ಆದ್ದರಿಂದ ಅಲ್ಲಿ ದಿನಕ್ಕೆ ಹತ್ತಾರು ಸಲ ಕೈಗೆ ಬರುವ ಒಂದು ಸಣ್ಣ ವಸ್ತುವಿನ ಬಗ್ಗೆ ಮಾತ್ರ ಹೇಳುತ್ತೇನೆ. ಅದು ನೆಗಡಿ ಮಾತ್ರೆ.

ನಂಜನಗೂಡಿನವರಿಗೆ ಔಷಧಿಯ ವಿಷಯ ಹೊಸದಲ್ಲ. ಟಿಪ್ಪು ಸುಲ್ತಾನರ ಆನೆಯ ಕಣ್ಣು ವಾಸಿಯಾಯಿತೆಂದು ಅವರು ಶ್ರೀಕಂಠೇಶ್ವರನನ್ನು ಹಕೀಂ ನಂಜುಂಡ ಎಂದು ಕರೆದರೆಂಬ ಪ್ರತೀತಿ ಇರುವ ಊರು ಅದು. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಕಟ್ಟಿದ್ದು ಅಲ್ಲಿಯೇ. ಅವರ ನಂಜನಗೂಡು ಹಲ್ಲುಪುಡಿ ನಿಮ್ಮ ದಾದಿ ನಾನಿಯರ ಕಾಲದಲ್ಲಿ ಮನೆಮನೆಯ ಬಚ್ಚಲಿನಲ್ಲಿ ಇತ್ತು. ನನ್ನ ನಾನಿಗೆ ಓದು ಬರುತ್ತಿರಲಿಲ್ಲ. ಅವರು ಆ ಪೊಟ್ಟಣವನ್ನು ಅದರ ಬಣ್ಣ ನೋಡಿಯೇ ಗುರುತು ಹಿಡಿಯುತ್ತಿದ್ದರು, ಎಂದೂ ತಪ್ಪಾಗುತ್ತಿರಲಿಲ್ಲ.

ಹಲ್ಲುಪುಡಿಗೆ ಆ ಗುರುತು ಸಾಕು. ತೊಂದರೆ ಏನೆಂದರೆ, ಮಾತ್ರೆಯನ್ನೂ ನಾವು ಹಾಗೆಯೇ ಗುರುತಿಸುತ್ತೇವೆ. ಬಿ.ಪಿ. ಮಾತ್ರೆ ಕೊಳ್ಳುವವರು ಹಳೆಯ ಚೀಟಿ ಹಿಡಿದು ಬರುತ್ತಾರೆ. ಸಕ್ಕರೆ ಕಾಯಿಲೆಯವರು ಹೆಸರು ಹೇಳಿ ಕೇಳುತ್ತಾರೆ. ನೆಗಡಿಗೆ ಮಾತ್ರ, "ಮೂಗು ಕಟ್ಟಿದೆ, ಆ ಹಳದಿ ಮಾತ್ರೆ ನಾಲ್ಕು ಕೊಡಿ." ಅಂಗಡಿಯವನೂ ಕತ್ತರಿ ತೆಗೆದು ನಾಲ್ಕು ಕತ್ತರಿಸಿ ಕೊಡುತ್ತಾನೆ. ಬಿಲ್ಲು ಕೇಳುವವರಿಲ್ಲ, ಬರೆಯುವವರಿಲ್ಲ.

ನಾನೂ ಹಾಗೆ ಕೊಟ್ಟವನೇ. 2006ರಲ್ಲಿ, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಬಹುದು. ಅಂಗಡಿಯ ಹೆಸರು ಬೇಡ. ನರಸೀಪುರದ ಕಡೆಯ ಹಳ್ಳಿಯ ಹಿರಿಯರೊಬ್ಬರು ಬಸ್ಸು ಹಿಡಿಯುವ ಅವಸರದಲ್ಲಿ ಬಂದರು. "ನೆಗಡಿ ಮಾತ್ರೆ ಕೊಡಪ್ಪ, ಎರಡು ದಿನಕ್ಕಾಗಲಿ" ಎಂದರು. ಡ್ರಾಯರಿನಲ್ಲಿ ಮೂರು ಕಂಪನಿಯ ನೆಗಡಿ ಮಾತ್ರೆ ಇದ್ದವು, ಎರಡು ಹಳದಿ, ಒಂದು ಬಿಳಿ. ಕೈಗೆ ಸಿಕ್ಕಿದ ಸ್ಟ್ರಿಪ್ಪಿನಿಂದ ಆರು ಕತ್ತರಿಸಿ ಕವರಿಗೆ ಹಾಕಿದೆ. ಅವರಿಗೆ ಬಿ.ಪಿ. ಇದೆಯೇ ಎಂದು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮೂರನೆಯ ದಿನ ಅವರ ಮಗ ಬಂದ. ತಂದೆಗೆ ಹಿಂದಿನ ರಾತ್ರಿಯಿಂದ ಮೂತ್ರ ಕಟ್ಟಿದೆ, ಬಿ.ಪಿ. ಏರಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದ. ಜೇಬಿನಿಂದ ಸ್ಟ್ರಿಪ್ಪಿನ ಒಂದು ತುಂಡು ತೆಗೆದು ಕೌಂಟರಿನ ಮೇಲೆ ಇಟ್ಟ. "ಇದು ಏನು ಮಾತ್ರೆ ಅಂತ ಡಾಕ್ಟರು ಕೇಳ್ತಾವ್ರೆ ಅಣ್ಣ. ಇದರಲ್ಲಿ ಪಿಪಿಎ ಅನ್ನೋದು ಇದೆಯಾ ಇಲ್ವಾ ಅಂತ ಬರೆಸಿಕೊಂಡು ಬಾ ಅಂದ್ರು."

ಆ ತುಂಡಿನಲ್ಲಿ ಹೆಸರಿನ ಕೊನೆಯ ಅಕ್ಷರವೂ ಇರಲಿಲ್ಲ. ಹಿಂಬದಿಯಲ್ಲಿ ವಿಳಾಸದ ಅರ್ಧ ಸಾಲು ಇತ್ತು, ಅಷ್ಟೆ. ಹಳದಿ ಮಾತ್ರೆ ಎಂದು ಅವನಿಗೆ ನೆನಪಿತ್ತು. ನನ್ನ ಬಳಿ ಹಳದಿಯವು ಎರಡಿದ್ದವು. ಒಂದರಲ್ಲಿ ಪಿಪಿಎ, ಅಂದರೆ ಫಿನೈಲ್‌ಪ್ರೊಪನಾಲಮೈನ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಯಾವುದನ್ನು ಕತ್ತರಿಸಿದ್ದೆನೋ ನನಗೆ ಗೊತ್ತಿರಲಿಲ್ಲ. ಬಿಲ್ಲು ಬರೆದಿದ್ದರೆ ಅದರ ಕಾರ್ಬನ್ ಪ್ರತಿ ನೋಡಿ ಹೇಳಬಹುದಿತ್ತು. ಎರಡೂ ಹೆಸರನ್ನು ಚೀಟಿಯಲ್ಲಿ ಬರೆದು, ಎರಡರಲ್ಲಿ ಒಂದು ಎಂದು ಕಳಿಸಿದೆ. ಓದಿದವನು, ಸರ್ಟಿಫಿಕೇಟು ಇರುವವನು, ನಾನೇ ಕೊಟ್ಟ ಮಾತ್ರೆಯ ಹೆಸರು ಹೇಳಲಾರದೆ ನಿಂತೆ. ಆ ಹಿರಿಯರು ಒಂದು ವಾರದಲ್ಲಿ ಸುಧಾರಿಸಿಕೊಂಡು ಮನೆಗೆ ಹೋದರು. ಅವರು ಮನೆಯಲ್ಲಿದ್ದ ಇನ್ನೊಂದು ನೆಗಡಿ ಮಾತ್ರೆಯನ್ನೂ ಇದರ ಜೊತೆಗೆ ನುಂಗಿದ್ದರೆಂದು ಆಮೇಲೆ ತಿಳಿಯಿತು. ಅದನ್ನೂ ಯಾರೋ ಕತ್ತರಿಸಿಯೇ ಕೊಟ್ಟಿದ್ದರು.

ಡಾಕ್ಟರು ಪಿಪಿಎ ಬಗ್ಗೆ ಏಕೆ ಕೇಳಿದರು ಎಂದು ಹೇಳಬೇಕು. ಮೂಗಿನೊಳಗಿನ ರಕ್ತನಾಳಗಳು ಊದಿಕೊಂಡಾಗ ಮೂಗು ಕಟ್ಟುತ್ತದೆ. ಆ ನಾಳಗಳನ್ನು ಕುಗ್ಗಿಸುವ ಔಷಧ ಮೂಗಿನಲ್ಲಿ ಮಾತ್ರ ಕೆಲಸ ಮಾಡಿ ಸುಮ್ಮನಿರುವುದಿಲ್ಲ, ಮೈಯ ಬೇರೆ ರಕ್ತನಾಳಗಳನ್ನೂ ಕುಗ್ಗಿಸಬಹುದು. ಆಗ ರಕ್ತದೊತ್ತಡ ಏರುತ್ತದೆ. ಪಿಪಿಎ ಸೇವಿಸಿದವರಲ್ಲಿ ಮೆದುಳಿನ ರಕ್ತಸ್ರಾವದ ಅಪಾಯ ಕಂಡುಬಂದ ಕಾರಣ 2000ದ ನವೆಂಬರಿನಲ್ಲಿ ಅಮೆರಿಕದ ಔಷಧ ಆಡಳಿತವು ಅದರ ಮಾರಾಟ ನಿಲ್ಲಿಸುವಂತೆ ಕಂಪನಿಗಳಿಗೆ ಹೇಳಿತು. ನಮ್ಮಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದ್ದು 2011ರ ಫೆಬ್ರವರಿಯಲ್ಲಿ. ನಡುವಿನ ಹತ್ತು ವರ್ಷ ನಾವು ಅದನ್ನು ಕತ್ತರಿಸಿ ಕೊಡುತ್ತಲೇ ಇದ್ದೆವು.

ಆಮೇಲೆ ನಡೆದದ್ದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪಿಪಿಎ ಹೋದ ಜಾಗಕ್ಕೆ ಫಿನೈಲ್‌ಎಫ್ರಿನ್ ಬಂತು. ಕೆಲವು ಮಾತ್ರೆಗಳ ಹೊರಗಿನ ಹೆಸರು ಹಾಗೆಯೇ ಉಳಿಯಿತು. ಅಂದರೆ ಅದೇ ಹೆಸರು ಹೇಳಿ 2000ದಲ್ಲಿ ಕೊಂಡದ್ದು ಒಂದು ಔಷಧ, ಈಗ ಕೊಳ್ಳುವುದು ಇನ್ನೊಂದು. 2016ರ ಮಾರ್ಚಿನಲ್ಲಿ ಸರ್ಕಾರ 344 ಮಿಶ್ರ ಔಷಧಗಳನ್ನು ನಿಷೇಧಿಸಿದಾಗ ವಿಕ್ಸ್ ಆ್ಯಕ್ಷನ್ 500 ಎಕ್ಸ್‌ಟ್ರಾ ತಯಾರಿಕೆಯನ್ನು ಅದರ ಕಂಪನಿ ನಿಲ್ಲಿಸಿತು. ಆ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ನಿಷೇಧವನ್ನು ರದ್ದುಪಡಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತಜ್ಞರು ಮತ್ತೆ ಪರಿಶೀಲಿಸಿ, 2018ರ ಸೆಪ್ಟೆಂಬರಿನಲ್ಲಿ 328 ಮಿಶ್ರಣಗಳ ಮೇಲೆ ಹೊಸ ನಿಷೇಧ ಬಂತು. ಇಷ್ಟೆಲ್ಲ ಆಗುವಾಗ ಕೊಳ್ಳುವವರ ಬಾಯಲ್ಲಿ ಮಾತ್ರ ಅದೇ "ಹಳದಿ ಮಾತ್ರೆ".

ಈಗ ನನ್ನ ಕೈಯಲ್ಲಿರುವ ಈ ಸ್ಟ್ರಿಪ್ಪನ್ನು ನೋಡಿ. ಮುಂಬದಿಯಲ್ಲಿ ದಪ್ಪ ಅಕ್ಷರದ ಹೆಸರಿದೆ, ಅದು ಕಂಪನಿ ಇಟ್ಟ ಹೆಸರು. ನಮಗೆ ಬೇಕಾದದ್ದು ಅದರ ಕೆಳಗಿನ ಸಣ್ಣ ಅಕ್ಷರ. 2018ರಿಂದ ಔಷಧದ ಮೂಲ ಹೆಸರನ್ನು ಕಂಪನಿಯ ಹೆಸರಿಗಿಂತ ಎರಡು ಅಳತೆಯಷ್ಟಾದರೂ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಆದರೆ ಮೂರು ಅಥವಾ ಹೆಚ್ಚು ಔಷಧ ಸೇರಿದ ಮಿಶ್ರಣಕ್ಕೆ ಅದು ಅನ್ವಯಿಸುವುದಿಲ್ಲ. ನೆಗಡಿ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದೇ ಮೂರು ನಾಲ್ಕು ಔಷಧ! ಓದಲೇಬೇಕಾದ ಕಡೆ ಅಕ್ಷರ ಸಣ್ಣದಾಗಿಯೇ ಉಳಿಯಿತು. ನನಗೂ ಈಗ ಕನ್ನಡಕ ಬೇಕು.

ಸಾಮಾನ್ಯವಾದ ಒಂದು ನೆಗಡಿ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಫಿನೈಲ್‌ಎಫ್ರಿನ್ 10 ಮಿಲಿಗ್ರಾಂ, ಕ್ಲೋರ್‌ಫೆನಿರಮಿನ್ 2 ಮಿಲಿಗ್ರಾಂ ಇರುತ್ತದೆ. ಕೆಲವದರಲ್ಲಿ ಕೆಫೀನ್ ಸೇರಿರುತ್ತದೆ. ಪ್ಯಾರಾಸಿಟಮಾಲ್ ಜ್ವರಕ್ಕೆ, ನೋವಿಗೆ. ಕ್ಲೋರ್‌ಫೆನಿರಮಿನ್ ಸೀನು ಮತ್ತು ಮೂಗು ಸೋರುವುದಕ್ಕೆ. ನಿದ್ದೆ ಬರುವುದು ಅದರಿಂದಲೇ, ಆದ್ದರಿಂದ ಗಾಡಿ ಓಡಿಸುವವರು ಎಚ್ಚರವಾಗಿರಬೇಕು. ಪ್ರಾಸ್ಟೇಟ್ ಊದಿರುವ ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟುವುದೂ ಇದರಿಂದ ಆಗಬಹುದು. ಬಿ.ಪಿ. ಇರುವವರು, ಕಣ್ಣಿನ ಗ್ಲಾಕೋಮ ಇರುವವರು ಡಾಕ್ಟರನ್ನು ಕೇಳದೆ ನೆಗಡಿ ಮಾತ್ರೆ ತೆಗೆದುಕೊಳ್ಳಬಾರದು.

ಇನ್ನು ಫಿನೈಲ್‌ಎಫ್ರಿನ್. ಮೂಗು ಬಿಡಿಸಬೇಕಾದದ್ದು ಅದು. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ಆಡಳಿತದ ಸಲಹಾ ಸಮಿತಿಯ 16 ಸದಸ್ಯರೂ ಒಮ್ಮತದಿಂದ ಹೇಳಿದ್ದೇನೆಂದರೆ, ನುಂಗುವ ಮಾತ್ರೆಯಲ್ಲಿ ಸಾಮಾನ್ಯ ಪ್ರಮಾಣದಲ್ಲಿ ಕೊಟ್ಟರೆ ಇದರಿಂದ ಕಟ್ಟಿದ ಮೂಗು ಬಿಡುವುದಿಲ್ಲ. 2024ರ ನವೆಂಬರಿನಲ್ಲಿ ಆ ಆಡಳಿತ ಇದನ್ನು ಚೀಟಿಯಿಲ್ಲದೆ ಮಾರುವ ನೆಗಡಿ ಔಷಧಗಳ ಪಟ್ಟಿಯಿಂದ ತೆಗೆಯುವ ಪ್ರಸ್ತಾಪ ಮುಂದಿಟ್ಟಿತು. ಮಾತ್ರೆ ತೆಗೆದುಕೊಂಡ ಮೇಲೆ ಹಾಯೆನಿಸುವುದು ಬಹುಮಟ್ಟಿಗೆ ಉಳಿದ ಔಷಧಗಳ ಕೆಲಸ. ಬಿಸಿನೀರಿನ ಹಬೆಗೆ ಬಿಲ್ಲು ಬೇಕಾಗಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನೆನಪಿಡಬೇಕಾದದ್ದು ಪ್ಯಾರಾಸಿಟಮಾಲ್. ಒಂದು ಲೆಕ್ಕ ಮಾಡೋಣ. ನೆಗಡಿ ಮಾತ್ರೆ ದಿನಕ್ಕೆ ಮೂರು, 1500 ಮಿಲಿಗ್ರಾಂ. ಜ್ವರಕ್ಕೆಂದು 650ರ ಮಾತ್ರೆ ಮೂರು, 1950. ಅಲ್ಲಿಗೆ 3450 ಆಯಿತು. ತಲೆಭಾರ ಇಳಿಯಲಿಲ್ಲವೆಂದು ಬೇರೆ ಹೆಸರಿನ ಇನ್ನೊಂದು ನೆಗಡಿ ಮಾತ್ರೆ ಮೂರು ಸಲ ತೆಗೆದುಕೊಂಡರೆ 4950. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4000 ಮಿಲಿಗ್ರಾಂ ದಾಟಬಾರದು. ದಾಟಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಇಲ್ಲಿ ಆ ಮನುಷ್ಯ ದುಡುಕಿನ ಕೆಲಸವನ್ನೇನೂ ಮಾಡಲಿಲ್ಲ. ಅವನ ಮಟ್ಟಿಗೆ ಅವು ಮೂರು ಬೇರೆ ಬೇರೆ ಮಾತ್ರೆಗಳು. ಮೂರರ ಹಿಂದೆಯೂ ಒಂದೇ ಹೆಸರು ಬರೆದಿತ್ತು, ಓದುವವರು ಇರಲಿಲ್ಲ.

ಹೆಸರಿನ ಬಾಲವನ್ನೂ ನೋಡಿ. ಪ್ಲಸ್, ನ್ಯೂ, ಪಿ, ಎಲ್‌ಪಿ, ಎಎಫ್ ಹೀಗೆ ಒಂದೇ ಹೆಸರಿಗೆ ಬಾಲ ಅಂಟಿಸಿ ಬೇರೆ ಬೇರೆ ಮಿಶ್ರಣ ಮಾರುತ್ತಾರೆ. ಅಣ್ಣನಿಗೆ ಹೊಂದಿದ ಔಷಧ ತಮ್ಮನಿಗೆ ಹೊಂದಬೇಕಾಗಿಲ್ಲ. ಎಡಗಡೆ ಮೇಲೆ ಆರ್‌ಎಕ್ಸ್ ಎಂಬ ಗುರುತಿದ್ದರೆ ಅದು ಡಾಕ್ಟರ ಚೀಟಿ ಬೇಕಾದ ಔಷಧ. ನೆಗಡಿ ಮಾತ್ರೆಗಳಲ್ಲಿ ಕೆಲವದಕ್ಕೆ ಆ ಗುರುತಿದೆ, ಕೆಲವದಕ್ಕೆ ಇಲ್ಲ. ಆದ್ದರಿಂದ "ಇದು ಸಾದಾ ಮಾತ್ರೆ" ಎಂಬ ಮಾತನ್ನು ಸ್ಟ್ರಿಪ್ ನೋಡದೆ ನಂಬಬೇಡಿ, ನಾನು ಹೇಳಿದರೂ ಸಹ.

ತಾಯಂದಿರು ಇಲ್ಲಿದ್ದಾರೆ, ಅವರಿಗೆ ಒಂದು ಮಾತು. ದೊಡ್ಡವರ ಮಾತ್ರೆಯನ್ನು ಅರ್ಧ, ಕಾಲು ಮಾಡಿ ಮಗುವಿಗೆ ಜೇನಿನಲ್ಲಿ ತೇಯ್ದು ಕೊಡುವುದನ್ನು ನಾನು ಎರಡೂ ಊರಿನಲ್ಲಿ ನೋಡಿದ್ದೇನೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಣಾಧಿಕಾರಿಗಳು ಹೇಳಿದರು. 2025ರ ಏಪ್ರಿಲಿನಲ್ಲಿ ಆ ಎಚ್ಚರಿಕೆಯನ್ನು ಲೇಬಲ್ಲಿನ ಮೇಲೆ ಮುದ್ರಿಸುವುದು ಕಡ್ಡಾಯವಾಯಿತು. ಕತ್ತರಿಸಿದ ತುಂಡಿನಲ್ಲಿ ಆ ಸಾಲು ಎಲ್ಲಿರುತ್ತದೆ?

ಬ್ಯಾಚ್ ನಂಬರ್ ಎಂಬುದು ಸ್ಟ್ರಿಪ್ಪಿನ ಒಂದು ತುದಿಯಲ್ಲಿ, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಮತ್ತು ಗರಿಷ್ಠ ಮಾರಾಟ ಬೆಲೆಯ ಜೊತೆ ಅಚ್ಚಾಗಿರುತ್ತದೆ. ಅದು ಕಂಪನಿಯವರ ಲೆಕ್ಕಕ್ಕೆ ಎಂದು ನಾವು ಭಾವಿಸಿರುತ್ತೇವೆ. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಏನಾಯಿತೆಂದು ನಿಮಗೆ ಗೊತ್ತು. ಕೋಲ್ಡ್‌ರಿಫ್ ಎಂಬ ಸಿರಪ್ಪು ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಆ ಸಿರಪ್ಪಿನ ಲೇಬಲ್ಲಿನಲ್ಲಿದ್ದದ್ದು ನಾನು ಈಗ ಹೇಳಿದ ಅದೇ ಮೂರು ಔಷಧ, ಪ್ಯಾರಾಸಿಟಮಾಲ್, ಫಿನೈಲ್‌ಎಫ್ರಿನ್, ಕ್ಲೋರ್‌ಫೆನಿರಮಿನ್. ಆದರೆ ತಮಿಳುನಾಡಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇಕಡ 48.6ರಷ್ಟು ಸಿಕ್ಕಿತು. ಪರೀಕ್ಷೆಯಾದ ಬ್ಯಾಚ್ ಎಸ್‌ಆರ್-13. ಆ ವಾರ ದೇಶದಲ್ಲಿ ಎಷ್ಟೋ ತಂದೆತಾಯಿಯರು ಮನೆಯ ಬಾಟಲಿಗಳನ್ನು ಬೆಳಕಿಗೆ ಹಿಡಿದು ಓದಿದ್ದು ಹೆಸರನ್ನು ಮಾತ್ರವಲ್ಲ, ಆ ನಂಬರನ್ನು. ಲೇಬಲ್ ಕಿತ್ತುಹೋಗಿದ್ದವರಿಗೆ ಉಳಿದ ದಾರಿ ಬಿಲ್ಲು ಒಂದೇ.

ಹಾಗಾದರೆ ಬಿಲ್ಲಿನಲ್ಲಿ ಏನಿರಬೇಕು? ಅಂಗಡಿಯ ಹೆಸರು, ವಿಳಾಸ, ಔಷಧ ಮಾರಾಟದ ಲೈಸೆನ್ಸ್ ಸಂಖ್ಯೆ, ಬಿಲ್ಲಿನ ಕ್ರಮಸಂಖ್ಯೆ, ದಿನಾಂಕ, ಔಷಧದ ಹೆಸರು ಮತ್ತು ಎಷ್ಟು ಎಂಬುದು. ಕಂಪ್ಯೂಟರ್ ಬಿಲ್ಲಾದರೆ ಬ್ಯಾಚ್, ಅವಧಿ ಮುಗಿಯುವ ತಿಂಗಳು, ಜಿ.ಎಸ್.ಟಿ. ಮತ್ತು 3004 ಎಂಬ ಒಂದು ಸಂಖ್ಯೆ ಇರುತ್ತದೆ. ಈ 3004 ಮಾರಾಟಕ್ಕೆ ಸಿದ್ಧವಾದ ಔಷಧಗಳ ತೆರಿಗೆ ಸಂಕೇತ. ಅದನ್ನು ನೋಡಿ ಮಾತ್ರೆ ಯಾವುದೆಂದು ತಿಳಿಯುವುದಿಲ್ಲ, ಏಕೆಂದರೆ ನೆಗಡಿ ಮಾತ್ರೆಗೂ ಸಕ್ಕರೆ ಕಾಯಿಲೆಯ ಮಾತ್ರೆಗೂ ಅದೇ ಸಂಖ್ಯೆ. ಬಹುತೇಕ ಔಷಧಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿಯಿತು. ಹಳೆಯ ಬೆಲೆ ಮುದ್ರಿತವಾದ ಸ್ಟ್ರಿಪ್ ಸಿಕ್ಕರೆ ಬಿಲ್ಲಿನ ಬೆಲೆ ಅದಕ್ಕಿಂತ ಕಡಿಮೆ ಇರಬಹುದು, ಅದು ಸರಿಯೇ. ಹೆಚ್ಚಿದ್ದರೆ ಮಾತ್ರ ಕೇಳಿ. 2006ರವರೆಗೆ ಔಷಧದ ಬೆಲೆಯ ಮುಂದೆ "ಸ್ಥಳೀಯ ತೆರಿಗೆ ಪ್ರತ್ಯೇಕ" ಎಂದು ಇರುತ್ತಿತ್ತು, ಆ ಕಾಲ ಹೋಯಿತು. ಮುದ್ರಿತ ಬೆಲೆಯಲ್ಲಿ ತೆರಿಗೆ ಸೇರಿದೆ.

ಕಂಪ್ಯೂಟರ್ ಬಂದ ಮೇಲೆ ಒಂದು ಹೊಸ ತಪ್ಪು ಹುಟ್ಟಿದೆ, ನಮ್ಮ ವೃತ್ತಿಯವರು ಕ್ಷಮಿಸಬೇಕು. ನಾಲ್ಕು ಅಕ್ಷರ ಒತ್ತಿದರೆ ಪರದೆಯ ಮೇಲೆ ಹೆಸರಿನ ಸಾಲು ಬರುತ್ತದೆ. ಅವಸರದ ಹುಡುಗ ಪ್ಲಸ್ ಬದಲು ಬರಿಯ ಹೆಸರನ್ನು ಒತ್ತುತ್ತಾನೆ. ಅಥವಾ ಹೆಸರು ಸರಿಯಿದ್ದು, ಕಂಪ್ಯೂಟರ್ ತಾನಾಗಿ ತೋರಿಸಿದ ಹಳೆಯ ಬ್ಯಾಚ್ ಬಿಲ್ಲಿಗೆ ಬರುತ್ತದೆ, ಕೈಗೆ ಬರುವುದು ಹೊಸ ಬ್ಯಾಚಿನ ಸ್ಟ್ರಿಪ್. ಹಾಗಾದರೆ ಬಿಲ್ಲು ಇದ್ದೂ ಇಲ್ಲದಂತೆ. ಕೌಂಟರು ಬಿಡುವ ಮೊದಲು ಬಿಲ್ಲಿನ ಬ್ಯಾಚನ್ನು ಸ್ಟ್ರಿಪ್ಪಿನ ಬ್ಯಾಚಿನ ಜೊತೆ ಹೋಲಿಸಿ ನೋಡಿ. ಎಂಟು ಹತ್ತು ಸೆಕೆಂಡಿನ ಕೆಲಸ. ಸರಕಿಗೆ ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಕೇಳಲು ಸಂಕೋಚ ಬೇಡ, ನಾಲ್ಕೇ ಮಾತ್ರೆಯಾದರೂ ಕೇಳಿ. 2023ರ ಆಗಸ್ಟಿನಿಂದ ಡೋಲೊ, ಕ್ಯಾಲ್ಪಾಲ್, ಅಲೆಗ್ರಾ ಮೊದಲಾಗಿ 300 ಹೆಸರುಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯವಾಗಿದೆ. ಮೂಲ ಹೆಸರು, ಬ್ಯಾಚ್, ಅವಧಿ, ತಯಾರಕರ ವಿಳಾಸ ಅದರಲ್ಲಿ ಇರುತ್ತವೆ. ಆದರೆ ಕತ್ತರಿ ಅದನ್ನೂ ಬಿಡುವುದಿಲ್ಲ.

2020ರ ವಿಷಯ ಹೇಳದೆ ಇರಲಾರೆ. ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರಲ್ಲಿ ಕೊರೋನ ಕಾಣಿಸಿಕೊಂಡು ಊರಿನ ಹೆಸರು ದಿನವೂ ಟಿ.ವಿ.ಯಲ್ಲಿ ಬರುತ್ತಿತ್ತು. ಜ್ವರ, ನೆಗಡಿ, ಕೆಮ್ಮಿನ ಔಷಧ ಕೊಳ್ಳುವವರ ಹೆಸರು, ಫೋನ್ ನಂಬರ್ ಬರೆದುಕೊಳ್ಳುವಂತೆ ಕರ್ನಾಟಕ ಸೇರಿ ಹಲವು ರಾಜ್ಯಗಳು ಔಷಧ ಅಂಗಡಿಗಳಿಗೆ ಹೇಳಿದವು. ಅಮೆರಿಕದಲ್ಲಿ ಸೂಡೊಎಫಿಡ್ರಿನ್ ಎಂಬ ಮೂಗು ಬಿಡಿಸುವ ಮಾತ್ರೆಗೆ 2006ರಿಂದಲೇ ಗುರುತಿನ ಚೀಟಿ ತೋರಿಸಿ ಸಹಿ ಹಾಕಬೇಕು, ಅದರಿಂದ ಮಾದಕ ವಸ್ತು ಮಾಡುತ್ತಾರೆಂಬ ಕಾರಣಕ್ಕೆ. ನಮ್ಮ ಕಾರಣ ಬೇರೆ, ರೋಗ ಎಲ್ಲಿದೆ ಎಂದು ಹುಡುಕುವುದು. ಆದರೆ ಜನ ಹೆದರಿದರು. ಒಂದೇ ಮನೆಯವರು ಬೇರೆ ಬೇರೆ ಅಂಗಡಿಗೆ ಹೋದರು, ಕೆಲವರು ತಪ್ಪು ನಂಬರ್ ಕೊಟ್ಟರು, ಕೆಲವರು ಪಕ್ಕದ ಮನೆಯ ಹುಡುಗನನ್ನು ಕಳಿಸಿದರು. ನನ್ನ ಆ ರಿಜಿಸ್ಟರನ್ನು ಆಮೇಲೊಮ್ಮೆ ತೆಗೆದು ನೋಡಿದೆ. ಕೊಂಡವರ ಹೆಸರಿದೆ, ಊರಿದೆ, ನಂಬರಿದೆ. ಔಷಧ ಎಂಬ ಕಾಲಮ್ಮಿನಲ್ಲಿ ಪುಟದ ತುಂಬ "ನೆಗಡಿ ಮಾತ್ರೆ, ನೆಗಡಿ ಮಾತ್ರೆ" ಎಂದು ನನ್ನದೇ ಕೈಬರಹ. ಹದಿನಾಲ್ಕು ವರ್ಷದ ಹಿಂದೆ ಕಲಿತ ಪಾಠ ಅವಸರದಲ್ಲಿ ಮರೆತೇಹೋಗಿತ್ತು.

ಪೂರ್ತಿ ಸ್ಟ್ರಿಪ್ಪೇ ಕೊಳ್ಳಿ ಎಂದು ಹೇಳುವುದು ಸುಲಭ. ದಿನಗೂಲಿಯವರಿಗೆ ನಾಲ್ಕು ಮಾತ್ರೆ ಬೇಕಾದಾಗ ಹತ್ತು ಕೊಳ್ಳಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮಿಕ್ಕ ಆರು ಮನೆಯ ಡಬ್ಬಿಯಲ್ಲಿ ಉಳಿದು ಅದೇ ಇನ್ನೊಂದು ತೊಂದರೆ. ಆದ್ದರಿಂದ ನಾನು ಮಾಡುವುದು ಹೀಗೆ. ಬ್ಯಾಚ್ ಮತ್ತು ಅವಧಿ ಇರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಂಡು ಇನ್ನೊಂದು ಕಡೆಯಿಂದ ಕತ್ತರಿಸುತ್ತೇನೆ. ಮಾತ್ರೆ ಹಾಕುವ ಕಾಗದದ ಕವರಿನ ಮೇಲೆ ಕಂಪನಿಯ ಹೆಸರು, ಒಳಗಿನ ಔಷಧ, ಬ್ಯಾಚ್, ಅವಧಿ, ಕೊಟ್ಟ ದಿನ ಇಷ್ಟನ್ನೂ ಬಾಲ್ ಪೆನ್ನಿನಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, "ಪ್ಯಾರಾಸಿಟಮಾಲ್ ಇದರಲ್ಲಿ ಇದೆ" ಎಂಬುದನ್ನು ಅಡಿಗೆರೆ ಎಳೆದು. ಸಾಲು ಉದ್ದವಿದ್ದ ದಿನ ಗಿರಾಕಿಗಳು ಗೊಣಗುತ್ತಾರೆ. "ಏನ್ ಸಾಹೇಬ್ರೆ, ನೆಗಡಿ ಮಾತ್ರೆಗೆ ಜಾತಕ ಬರೀತೀರಾ?" ಎಂದು ಒಬ್ಬರು ಕೇಳಿದರು. ಬರೆಯುತ್ತೇನೆ ಎಂದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ಸ್ಟ್ರಿಪ್ಪಿನ ಮೇಲಿನ ಬರಹ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ, ನಿಮ್ಮ ದಾದಿ ನಾನಿಯರು ಓದಲಾರರು, ನೀವು ಓದಬಲ್ಲಿರಿ. ಇವತ್ತು ಸಂಜೆ ಮನೆಯ ಮಾತ್ರೆ ಡಬ್ಬಿಯನ್ನು ಚಾಪೆಯ ಮೇಲೆ ಸುರುವಿ. ಪ್ಯಾರಾಸಿಟಮಾಲ್ ಎಷ್ಟರಲ್ಲಿ ಇದೆಯೆಂದು ಎಣಿಸಿ. ಹೆಸರಿಲ್ಲದ ತುಂಡುಗಳನ್ನು ಬೇರೆ ತೆಗೆದಿಡಿ, ಅವನ್ನು ಯಾರೂ ನುಂಗುವುದು ಬೇಡ. ಬಾಗಿಲ ಬಳಿಯ ಮೇಜಿನ ಮೇಲೆ ಹತ್ತು ಬಗೆಯ ಖಾಲಿ ನೆಗಡಿ ಸ್ಟ್ರಿಪ್ಪುಗಳನ್ನೂ ಒಂದು ಭೂತಗನ್ನಡಿಯನ್ನೂ ಇಟ್ಟಿದ್ದೇನೆ. ಊಟದ ಹೊತ್ತಿನವರೆಗೆ ನಾನು ಅಲ್ಲೇ ಇರುತ್ತೇನೆ, ಬಂದು ಓದಿ, ಕೇಳಿ. ಅವುಗಳ ಪಕ್ಕದಲ್ಲಿ 2006ರ ಆ ಹೆಸರಿಲ್ಲದ ತುಂಡೂ ಇದೆ. ಅವತ್ತು ಆ ಮಗ ಅದನ್ನು ಕೌಂಟರಿನ ಮೇಲೆಯೇ ಬಿಟ್ಟುಹೋಗಿದ್ದ.